ಗದ್ದಲಕ್ಕೆ ಯಾರ ಹೆಸರು?

ಲಂಡನ್ ಪಟ್ಟಣದ ಬಿಷಪ್ಸ್‌ಗೇಟ್ ಹೆಬ್ಬಾಗಿಲಿನ ಆಚೆ 1247ರಲ್ಲಿ ಒಂದು ಮಠ ಎದ್ದಿತು. ಯೇಸು ಹುಟ್ಟಿದ ಬೆತ್ಲೆಹೆಮ್ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಮುಂದಿನ ಒಂದೂವರೆ ಶತಮಾನದಲ್ಲಿ ಅದು ಬುದ್ಧಿ ಕೆಟ್ಟವರನ್ನು ಇರಿಸುವ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಬೆತ್ಲೆಹೆಮ್ ಸವೆದು ಬೆಡ್ಲಮ್ ಆಯಿತು. 1676ರಲ್ಲಿ ಆಸ್ಪತ್ರೆ ಮೂರ್‌ಫೀಲ್ಡ್ಸ್‌ನ ಹೊಸ ಕಟ್ಟಡಕ್ಕೆ ಹೋಯಿತು. ವಿಜ್ಞಾನಿ ರಾಬರ್ಟ್ ಹುಕ್ ರೂಪಿಸಿದ ಆ ಕಟ್ಟಡ ಹೊರಗಿನಿಂದ ಅರಮನೆಯಂತೆ ಕಾಣುತ್ತಿತ್ತು. ಲಂಡನ್ನಿನ ಜನ ರಜೆಯ ದಿನಗಳಲ್ಲಿ ಅಲ್ಲಿಗೆ ಹೋಗಿ ರೋಗಿಗಳನ್ನು ನೋಡಿ, ಕೆಣಕಿ, ನಕ್ಕು ಬರುತ್ತಿದ್ದರು. 1770ರವರೆಗೂ ಇದಕ್ಕೆ ತಡೆ ಇರಲಿಲ್ಲ. 1814ರಲ್ಲಿ ಸುಧಾರಕರು ಒಳಗೆ ಹೊಕ್ಕು ನೋಡಿದಾಗ ಜೇಮ್ಸ್ ನಾರಿಸ್ ಎಂಬ ರೋಗಿ ಕಂಡ. ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕಿ, ಅದನ್ನು ಕಂಬಕ್ಕೆ ಸರಪಳಿಯಿಂದ ಬಿಗಿದಿದ್ದರು. ವರ್ಷಗಟ್ಟಲೆ ಅವನು ಹಾಗೆಯೇ ಇದ್ದ.

ಇಂದು ಇಂಗ್ಲಿಷಿನಲ್ಲಿ ಮಕ್ಕಳು ಕಿರುಚಾಡುವ ತರಗತಿಯನ್ನೂ ನೂಕುನುಗ್ಗಲಿನ ರೈಲು ನಿಲ್ದಾಣವನ್ನೂ ಬೆಡ್ಲಮ್ ಎನ್ನುತ್ತಾರೆ. ಆ ಪದ ಉಳಿಸಿಕೊಂಡಿದ್ದು ರೋಗಿಗಳ ಕೂಗನ್ನು. ಕುತ್ತಿಗೆಯ ಪಟ್ಟಿಯನ್ನಾಗಲಿ, ನೋಡಿ ನಗಲು ಬಂದವರನ್ನಾಗಲಿ ಅದು ಉಳಿಸಿಕೊಳ್ಳಲಿಲ್ಲ. ಗದ್ದಲ, ದಾಂಧಲೆ, ಪುಂಡಾಟಿಕೆ, ಕಾಡುತನಗಳಿಗೆ ಇಂಗ್ಲಿಷಿನಲ್ಲಿರುವ ಪದಗಳ ಹುಟ್ಟು ಹುಡುಕುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಇದೇ. ಬಹುಪಾಲು ಪದಗಳ ಒಳಗೆ ಒಂದು ಜನ, ಒಂದು ಊರು ಅಥವಾ ಒಂದು ಕಸುಬು ಇದೆ. ಹೆಸರಿಟ್ಟವರು ಗೋಡೆಯ ಈಚೆ ಸುರಕ್ಷಿತವಾಗಿ ಕೂತವರು. ಹೆಸರು ಹೊತ್ತವರು ಆಚೆಯವರು.

ಮೊದಲು ಆಚೆ ಎಂದರೆ ಕಾಡು. ಸ್ಯಾವೇಜ್ ಎಂಬ ಪದದ ಬೇರು ಲ್ಯಾಟಿನ್ನಿನ ಸಿಲ್ವಾ, ಅಂದರೆ ಅಡವಿ. ಅಡವಿಯಲ್ಲಿ ಇರುವವನೇ ಕ್ರೂರಿ ಎಂದಾಯಿತು. ಹೀದನ್ ಎಂದರೆ ಕುರುಚಲು ಬಯಲಿನವನು. ದೇವರನ್ನು ತಿಳಿಯದವನು ಎಂಬ ಅರ್ಥ ಅವನಿಗೆ ಆಮೇಲೆ ಅಂಟಿತು. ಕಾಡು ಮುಗಿದ ಮೇಲೆ ಹೊಲದ ಸರದಿ. ನಮ್ಮ ಸಿನಿಮಾ ನೋಡುವವರಿಗೆಲ್ಲ ಗೊತ್ತಿರುವ ವಿಲನ್ ಹುಟ್ಟಿದ್ದು ಊಳಿಗಮಾನ್ಯ ಕಾಲದ ಜಮೀನಿನಲ್ಲಿ. ವಿಲ್ಲಾ ಎಂದರೆ ಧಣಿಯ ಜಮೀನು ಮತ್ತು ಮನೆ. ಅಲ್ಲಿ ಗೇಯುವ ಒಕ್ಕಲು ಆಳು ವಿಲನ್. ಒರಟ ಎಂಬರ್ಥದ ಬೂರ್ ಎಂಬುದೂ ಡಚ್ಚರ ರೈತನೇ. ದುಡಿದು ಅನ್ನ ಬೆಳೆದವನ ಹೆಸರು ಕೇಡಿಗನ ಹೆಸರಾಗಲು ಕೆಲವು ನೂರು ವರ್ಷಗಳು ಸಾಕಾದವು.

ಈ ವಿಷಯದಲ್ಲಿ ಕನ್ನಡವೂ ಹೊರತಲ್ಲ. ನಗರದಲ್ಲಿ ಇಲ್ಲದವನು ಅನಾಗರಿಕ. ಗ್ರಾಮದಿಂದ ಬಂದ ಪದ ಗಮಾರ. ಗ್ರೀಕರು ತಮ್ಮ ನುಡಿ ಆಡದವರ ಮಾತು ಬರ್ ಬರ್ ಎಂದು ಕೇಳಿಸುತ್ತದೆಂದು ಅವರನ್ನು ಬಾರ್ಬರೋಸ್ ಎಂದರು; ಸಂಸ್ಕೃತದಲ್ಲೂ ತೊದಲು ಮಾತಿನ ಪರಕೀಯನಿಗೆ ಬರ್ಬರ ಎಂಬ ಹೆಸರಿತ್ತು. ನಮ್ಮ ಪತ್ರಿಕೆಗಳು ಇಂದಿಗೂ ಬರ್ಬರ ಹತ್ಯೆ ಎಂದು ಬರೆಯುತ್ತವೆ. ರಾಜಕಾರಣಿಗಳ ಅವಾಂತರಕ್ಕೆ ದೊಂಬರಾಟ ಎಂಬ ಶೀರ್ಷಿಕೆ ಕೊಡುವಾಗ, ಹಗ್ಗದ ಮೇಲೆ ಜೀವ ಪಣಕ್ಕಿಟ್ಟು ನಡೆಯುವ ಒಂದು ಸಮುದಾಯದ ಕಲೆಯನ್ನೇ ಬೈಗುಳ ಮಾಡುತ್ತಿದ್ದೇವೆ ಎಂಬುದು ನೆನಪಿಗೆ ಬರುವುದಿಲ್ಲ. ಆ ಆಟಕ್ಕೆ ಬೇಕಾದ ಶಿಸ್ತು ಎಷ್ಟೆಂದು ನೋಡಿದವರು ಆ ಶೀರ್ಷಿಕೆ ಕೊಡಲಾರರು.

ಎಲ್ಲ ಪದಗಳೂ ಹೀಗೆ ಯಾರದೋ ಹೆಗಲೇರಿದವಲ್ಲ. ಕೇಯಾಸ್ ಗ್ರೀಕರಿಗೆ ಸೃಷ್ಟಿಗೂ ಮೊದಲಿನ ಬಾಯ್ದೆರೆದ ಶೂನ್ಯವಾಗಿತ್ತು. ಹದಿನೇಳನೆಯ ಶತಮಾನದಲ್ಲಿ ರಸಾಯನತಜ್ಞ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಅದೇ ಪದದಿಂದ ಗ್ಯಾಸ್ ಎಂಬ ಹೆಸರನ್ನು ಮಾಡಿದ. ನಮ್ಮ ಅಡುಗೆಮನೆಯ ಗ್ಯಾಸ್ ಅಲ್ಲಿಂದಲೇ ಬಂದದ್ದು. ಪ್ಯಾಂಡಮೋನಿಯಮ್ ಎಂಬುದು ಜಾನ್ ಮಿಲ್ಟನ್ 1667ರ ತನ್ನ ಮಹಾಕಾವ್ಯದಲ್ಲಿ ಸೈತಾನನ ರಾಜಧಾನಿಗೆ ಕೊಟ್ಟ ಹೆಸರು. ವಿಶೇಷವೆಂದರೆ, ಆ ಕಾವ್ಯದ ಪ್ಯಾಂಡಮೋನಿಯಮ್‌ನಲ್ಲಿ ಗಲಾಟೆಯೇ ಇಲ್ಲ. ಸೋತ ದೇವದೂತರು ಅಲ್ಲಿ ಸಭೆ ಸೇರುತ್ತಾರೆ, ಒಬ್ಬರಾದ ಮೇಲೊಬ್ಬರು ಎದ್ದು ವಾದ ಮಂಡಿಸುತ್ತಾರೆ, ಕೊನೆಗೆ ಒಂದು ತೀರ್ಮಾನಕ್ಕೆ ಬರುತ್ತಾರೆ. ಕಿವಿಗಡಚಿಕ್ಕುವ ಸದ್ದು ಎಂಬ ಅರ್ಥ ಆಮೇಲಿನವರು ಸೇರಿಸಿದ್ದು. ಕನ್ನಡದ ರಾದ್ಧಾಂತದ ಪಾಡೂ ಅದೇ. ಸಂಸ್ಕೃತದಲ್ಲಿ ಅದರ ಅರ್ಥ ವಾದದಿಂದ ಸಿದ್ಧವಾದ ನಿರ್ಣಯ. ನಮ್ಮ ಬೀದಿಯಲ್ಲಿ ಅದು ಜಗಳವಾಯಿತು.

ವ್ಯಾಂಡಲ್ ಪದದ ಕಥೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ವ್ಯಾಂಡಲರು ಒಂದು ಜರ್ಮಾನಿಕ್ ಜನಾಂಗ. ಉತ್ತರ ಆಫ್ರಿಕದಲ್ಲಿ ರಾಜ್ಯ ಕಟ್ಟಿದವರು. ಅವರ ರಾಜ ಗೈಸೆರಿಕ್ 455ರಲ್ಲಿ ರೋಮ್ ನಗರಕ್ಕೆ ನುಗ್ಗಿ 14 ದಿನ ಸುಲಿದ. ಪೋಪ್ ಒಂದನೆಯ ಲಿಯೋ ಎದುರು ಹೋಗಿ ಬೇಡಿಕೊಂಡದ್ದರಿಂದ ಬೆಂಕಿ ಹಚ್ಚುವುದೂ ಕಂಡಕಂಡವರನ್ನು ಕೊಲ್ಲುವುದೂ ಆಗಲಿಲ್ಲ ಎಂದು ಅಂದಿನ ದಾಖಲೆ ಹೇಳುತ್ತದೆ. ಬೆಲೆಬಾಳುವುದನ್ನೆಲ್ಲ ಹೊತ್ತೊಯ್ದರು, ಜನರನ್ನು ಸೆರೆ ಒಯ್ದರು. ಅದು ನಿಜವಾದ ಕ್ರೌರ್ಯ. ಆದರೆ ಅರ್ಥವಿಲ್ಲದೆ ಒಡೆದು ಹಾಳುಮಾಡುವವರು ಎಂಬ ಹೆಸರು ಅವರಿಗೆ ತಕ್ಕದ್ದಲ್ಲ. ರೋಮನ್ನು ಸುಲಿದವರು ಇನ್ನೂ ಹಲವರಿದ್ದರು.

ಆ ಹೆಸರು ಗಟ್ಟಿಯಾದದ್ದು 1,300 ವರ್ಷಗಳಾದ ಮೇಲೆ, ಫ್ರಾನ್ಸಿನ ಕ್ರಾಂತಿಯ ನಡುವೆ. ಗುಂಪುಗಳು ಚರ್ಚುಗಳ ಶಿಲ್ಪ ಒಡೆಯುತ್ತಿದ್ದವು, ಅರಸರ ಗೋರಿಗಳನ್ನು ಕೆಡವುತ್ತಿದ್ದವು, ಗ್ರಂಥಗಳನ್ನು ಸುಡುತ್ತಿದ್ದವು. ಇದನ್ನು ತಡೆಯಲು ಹೆಣಗಿದವನು ಆಂರಿ ಗ್ರೆಗ್ವಾರ್ ಎಂಬ ಪಾದ್ರಿ. ಕ್ರಾಂತಿಯ ಪರ ನಿಂತವನು, ಗುಲಾಮಗಿರಿಯ ವಿರುದ್ಧ ದನಿ ಎತ್ತಿದವನು, ಯಹೂದಿಗಳಿಗೆ ಸಮಾನ ಹಕ್ಕು ಬೇಕೆಂದು ವಾದಿಸಿದವನು. 1794ರಲ್ಲಿ ನ್ಯಾಷನಲ್ ಕನ್ವೆನ್ಷನ್ ಸಭೆಯ ಮುಂದೆ ವರದಿ ಇಟ್ಟು, ಈ ನಾಶಕ್ಕೆ ವ್ಯಾಂಡಲಿಸಂ ಎಂಬ ಹೆಸರು ಕೊಟ್ಟ. ಹೆಸರಿಟ್ಟರೆ ಪಿಡುಗನ್ನು ಹಿಡಿಯಬಹುದು ಎಂಬುದು ಅವನ ನಂಬಿಕೆ. ಸ್ಮಾರಕಗಳನ್ನು ರಾಷ್ಟ್ರದ ಸ್ವತ್ತೆಂದು ಕಾಯಬೇಕೆಂಬ ಆಧುನಿಕ ವಿಚಾರಕ್ಕೆ ಆ ವರದಿಗಳು ನೆಲೆಗಟ್ಟಾದವು. ನಮ್ಮ ಹಂಪಿ, ಪಟ್ಟದಕಲ್ಲುಗಳ ಕಾವಲಿನ ಹಿಂದೆಯೂ ಆ ವಿಚಾರವಿದೆ.

ಅದೇ 1794ರಲ್ಲಿ, ಅದೇ ಸಭೆಯ ಮುಂದೆ, ಅದೇ ಗ್ರೆಗ್ವಾರ್ ಇನ್ನೊಂದು ವರದಿಯನ್ನೂ ಇಟ್ಟಿದ್ದ. ಫ್ರಾನ್ಸಿನ ಹಳ್ಳಿಗಳಲ್ಲಿ ಜನ ಆಡುವ ಬ್ರೆಟನ್, ಬಾಸ್ಕ್, ಆಕ್ಸಿಟನ್ ಮುಂತಾದ ನುಡಿಗಳನ್ನೆಲ್ಲ ಇಲ್ಲವಾಗಿಸಿ, ದೇಶಕ್ಕೆಲ್ಲ ಫ್ರೆಂಚ್ ಒಂದನ್ನೇ ಹರಡಬೇಕು ಎಂಬುದು ಅದರ ಸಾರ. ಕಲ್ಲಿನ ಕೆತ್ತನೆ ಒಡೆದರೆ ನೊಂದುಕೊಂಡ ಮನುಷ್ಯನಿಗೆ ಸಾವಿರಾರು ವರ್ಷದ ಮಾತು ಒಡೆಯುವುದು ಸುಧಾರಣೆಯಾಗಿ ಕಂಡಿತು. ಅವನನ್ನು ಕೆಟ್ಟವನೆಂದು ನಾನು ಹೇಳಲಾರೆ. ಅವನ ಬದುಕಿನಲ್ಲಿ ಗೌರವಿಸಬೇಕಾದದ್ದು ತುಂಬ ಇದೆ. ಆದರೆ ಸಣ್ಣ ನುಡಿಗಳ ಮೇಲೆ ದೊಡ್ಡ ನುಡಿಯೊಂದು ಏರಿ ಬರುವುದನ್ನು ಕಂಡ ನಾವು ಆ ಎರಡು ವರದಿಗಳನ್ನು ಒಟ್ಟಿಗೇ ಓದಬೇಕು. ಮೊದಲನೆಯ ನಾಶಕ್ಕೆ ಜಗತ್ತಿನ ಹಲವು ಭಾಷೆಗಳಲ್ಲಿ ಇಂದು ಹೆಸರಿದೆ. ಎರಡನೆಯದಕ್ಕೆ ಅಷ್ಟು ಚಾಲ್ತಿಯ ಹೆಸರು ಇನ್ನೂ ಹುಟ್ಟಿಲ್ಲ.

ದೊಂಬಿಗೆ ಬರೋಣ. ಮಾಬ್ ಎಂಬ ಪದ ಲ್ಯಾಟಿನ್ನಿನ ಮೊಬಿಲೆ ವಲ್ಗುಸ್ ಎಂಬುದರ ತುಂಡು: ಅತ್ತಿತ್ತ ವಾಲುವ ಸಾಮಾನ್ಯ ಜನ. ಹದಿನೇಳನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಅದು ಮೊಟಕಾಗಿ ಮಾಬ್ ಆಯಿತು. ಲೇಖಕ ಜೊನಾಥನ್ ಸ್ವಿಫ್ಟ್‌ಗೆ ಈ ಮೊಟಕು ರೂಪವೆಂದರೆ ಆಗುತ್ತಿರಲಿಲ್ಲ. ಸಂಸತ್ತು ರಯಟ್ ಆಕ್ಟ್ ಮಾಡಿತು. 1715ರಲ್ಲಿ ಅದು ಜಾರಿಗೆ ಬಂತು. ಹನ್ನೆರಡು ಅಥವಾ ಹೆಚ್ಚು ಜನ ಸೇರಿ ಗಲಭೆ ಮಾಡುತ್ತಿದ್ದಾರೆಂದು ಮ್ಯಾಜಿಸ್ಟ್ರೇಟನಿಗೆ ಕಂಡರೆ ಆತ ರಾಜನ ಹೆಸರಿನಲ್ಲಿ ಒಂದು ಘೋಷಣೆ ಓದಬೇಕಿತ್ತು. ಒಂದು ಗಂಟೆಯೊಳಗೆ ಚದುರದಿದ್ದವರಿಗೆ ಮರಣದಂಡನೆಯವರೆಗೂ ಶಿಕ್ಷೆ. ಚದುರಿಸುವಾಗ ಯಾರಾದರೂ ಸತ್ತರೆ ಅಧಿಕಾರಿಗಳಿಗೆ ಕಾನೂನಿನ ರಕ್ಷಣೆ. ಇಂಗ್ಲಿಷಿನಲ್ಲಿ ಯಾರನ್ನಾದರೂ ಗದರಿಸಿ ಎಚ್ಚರಿಸುವುದಕ್ಕೆ ರಯಟ್ ಆಕ್ಟ್ ಓದುವುದು ಎನ್ನುವ ರೂಢಿ ಬಂದದ್ದು ಹೀಗೆ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡಿನಲ್ಲಿ ಸುಮಾರು 60,000 ಜನ ಮತದಾನದ ಹಕ್ಕು ಕೇಳಲು ಸೇರಿದ್ದರು. ಅಷ್ಟು ದೊಡ್ಡ ಊರಿಗೆ ಆಗ ಸಂಸತ್ತಿನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ಹೆಂಗಸರು ಬಿಳಿ ಬಟ್ಟೆ ತೊಟ್ಟು, ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮ್ಯಾಜಿಸ್ಟ್ರೇಟರು ಘೋಷಣೆ ಓದಿದೆವು ಎಂದರು. ಜನಸಾಗರದಲ್ಲಿ ಅದು ಯಾರ ಕಿವಿಗೂ ಬಿದ್ದಂತಿಲ್ಲ. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಕನಿಷ್ಠ 15 ಮಂದಿ ಸತ್ತರು, ನೂರಾರು ಮಂದಿ ಗಾಯಗೊಂಡರು. ಜೈಲಿಗೆ ಹೋದವನು ಭಾಷಣಕಾರ ಹೆನ್ರಿ ಹಂಟ್.

ದೊಂಬಿಯ ಒಳಗೆ ಯಾರಿದ್ದರು ಎಂದು ಇತಿಹಾಸಕಾರರು ಗಂಭೀರವಾಗಿ ಕೇಳಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಜಾರ್ಜ್ ರುಡೆ ಪೊಲೀಸ್ ಕಡತಗಳನ್ನು ತೆಗೆದು, ಗುಂಪಿನಲ್ಲಿ ಇದ್ದವರು ಬಡಗಿಗಳು, ಅಂಗಡಿಯವರು, ಕೂಲಿಗಳು, ಮನೆ ಮಠ ಉಳ್ಳವರು ಎಂದು ತೋರಿಸಿದ. ಇ.ಪಿ. ಥಾಮ್ಸನ್ 1971ರಲ್ಲಿ ಬರೆದ ಪ್ರಬಂಧವೊಂದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ರೊಟ್ಟಿ ಗಲಭೆಗಳ ಚಿತ್ರವನ್ನೇ ಬದಲಿಸಿತು. ಬೆಲೆ ಏರಿಸಲು ಗೋಧಿ ಕೂಡಿಟ್ಟವರ ಗಾಡಿಗಳನ್ನು ಜನ ತಡೆದರು, ಸಂತೆಯಲ್ಲಿ ತಾವು ನ್ಯಾಯವೆಂದು ಬಗೆದ ಬೆಲೆಗೆ ಮಾರಿದರು, ಬಂದ ಹಣವನ್ನು ಮಾಲೀಕನಿಗೇ ಕೊಟ್ಟರು; ಕೆಲವು ಕಡೆ ಖಾಲಿ ಚೀಲಗಳನ್ನೂ ಹಿಂದಿರುಗಿಸಿದರು. ಇದಕ್ಕೆ ರಯಟ್ ಎಂದು ಬರೆದಿಟ್ಟವರು ಮ್ಯಾಜಿಸ್ಟ್ರೇಟರು. ಗುಂಪೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅನುಮಾನದ ಮೇಲೆ ಒಬ್ಬನನ್ನು ಸುತ್ತುವರಿದು ಹೊಡೆದು ಸಾಯಿಸುವ ಗುಂಪುಗಳನ್ನು ನಮ್ಮ ಕಾಲ ಕಂಡಿದೆ. ಆ ಗುಂಪಿಗೂ ಗೋಧಿಗೆ ನ್ಯಾಯಬೆಲೆ ಕೇಳಿದ ಗುಂಪಿಗೂ ಒಂದೇ ಹೆಸರು ಎಂಬುದೇ ನನಗೆ ಸಂಕಟದ ವಿಷಯ.

ಟೋರಿ ಎಂಬ ಪದ ಈ ಹಾದಿಯಲ್ಲಿ ಹಿಂದಕ್ಕೆ ನಡೆಯಿತು. ಐರಿಷ್ ನುಡಿಯಲ್ಲಿ ಅದು ಜಮೀನು ಕಳೆದುಕೊಂಡು ಗುಡ್ಡ ಸೇರಿ ದರೋಡೆಗಿಳಿದವನ ಹೆಸರು. 1680ರ ಸುಮಾರಿಗೆ ಒಂದು ರಾಜಕೀಯ ಬಣವನ್ನು ಬೈಯಲು ಎದುರಾಳಿಗಳು ಅದನ್ನು ಬಳಸಿದರು. ಬೈಸಿಕೊಂಡವರು ಅದನ್ನೇ ಬಿರುದು ಮಾಡಿಕೊಂಡರು. ಮುಂದೆ ಅವರ ಪಕ್ಷ ಸಾಮ್ರಾಜ್ಯವನ್ನೇ ಆಳಿತು. ಬಲವಿದ್ದವನಿಗೆ ಬೈಗುಳವೂ ಬಿರುದಾಗುತ್ತದೆ. ವಿಲನ್ ಆದ ಒಕ್ಕಲು ಆಳಿಗೆ ಆ ಅವಕಾಶ ಸಿಗಲಿಲ್ಲ.

ಹಡಗುಗಳು ದೂರ ಹೋದಂತೆ ಹೊಸ ಆಚೆಗಳು ಸಿಕ್ಕವು. ಬರ್ಸರ್ಕ್ ಹಳೆಯ ನಾರ್ಸ್ ಕಥೆಗಳ ಯೋಧ, ಕರಡಿಯ ತೊಗಲು ತೊಟ್ಟವನು. ಅವನನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿಗೆ ತಂದವನು ವಾಲ್ಟರ್ ಸ್ಕಾಟ್. ಅಮೋಕ್ ಮಲಯ ನುಡಿಯದು. ಅವಮಾನಕ್ಕೆ ಈಡಾದ ಮನುಷ್ಯ ಮಂಕಾಗಿ ಕೂತು, ಒಂದು ದಿನ ಆಯುಧ ಹಿಡಿದು ಎದುರಾದವರನ್ನೆಲ್ಲ ಇರಿಯುತ್ತ ಓಡುವುದು. ಕ್ಯಾಪ್ಟನ್ ಕುಕ್ 1770ರಲ್ಲಿ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಇದರ ಬಗ್ಗೆ ಬರೆದ. ವಸಾಹತಿನ ವೈದ್ಯರು ಇದನ್ನು ಮಲಯ ಜನಾಂಗದ ರಕ್ತದಲ್ಲೇ ಇರುವ ರೋಗವೆಂದರು. 1994ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿಯೂ ಅಮೋಕನ್ನು ನಿರ್ದಿಷ್ಟ ಸಂಸ್ಕೃತಿಗಳಿಗೆ ಅಂಟಿದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿತ್ತು. ಅಮೆರಿಕದ ಶಾಲೆಗಳಿಗೆ ಬಂದೂಕು ಹಿಡಿದು ನುಗ್ಗಿದ ಹುಡುಗರ ನಡತೆಯಲ್ಲಿ ಇದರದೇ ಲಕ್ಷಣಗಳು ಎದ್ದು ಕಾಣುತ್ತವೆ. ಆದರೂ ಅದನ್ನು ಯಾರೂ ಅಮೆರಿಕನ್ ರಕ್ತದ ರೋಗ ಎಂದು ಕರೆಯಲಿಲ್ಲ, ಕರೆಯಲೂ ಬಾರದು.

ಭಾರತ ಇಂಗ್ಲಿಷಿಗೆ ಕೊಟ್ಟ ಪದಗಳಲ್ಲಿ ಥಗ್ ಬಹಳ ದೂರ ಹೋಯಿತು. ನಮ್ಮ ಠಕ್ಕ ಅದರ ಒಡಹುಟ್ಟಿದವನು. ಕನ್ನಡದಲ್ಲಿ ಠಕ್ಕ ಮೋಸಗಾರ, ನಯವಾಗಿ ಯಾಮಾರಿಸುವವನು, ಕೈಯೆತ್ತಿ ಹೊಡೆಯುವವನಲ್ಲ. ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ಮತ್ತವನ ಕೈಕೆಳಗಿನವರ ಬರಹಗಳಲ್ಲಿ ಅವನು ದಾರಿಹೋಕರ ಕುತ್ತಿಗೆಗೆ ಬಟ್ಟೆ ಬಿಗಿದು ಕೊಲ್ಲುವ, ಕಾಳಿಯ ಭಕ್ತನಾದ, ಹುಟ್ಟಾ ಕೊಲೆಗಡುಕನಾದ. ದಾರಿಗಳ್ಳರ ತಂಡಗಳು ಇದ್ದದ್ದು ನಿಜ, ಕೊಲೆಗಳು ನಡೆದದ್ದೂ ನಿಜ. ಆದರೆ 1836ರ ಕಾಯ್ದೆ ನ್ಯಾಯದ ಬುಡವನ್ನೇ ಅಲುಗಿಸಿತು. ಇಂಥ ದಿನ ಇಂಥವರನ್ನು ಕೊಂದ ಎಂದು ರುಜುವಾತು ಮಾಡಬೇಕಿಲ್ಲ. ಥಗ್ಗರ ತಂಡಕ್ಕೆ ಸೇರಿದ್ದ ಎಂದಾದರೆ ಸಾಕು, ಜೀವಾವಧಿ ಸೆರೆ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇದೇ ದಾರಿಯಲ್ಲಿ ಮುಂದೆ ನಡೆದು, ಸಮುದಾಯಗಳನ್ನು ಇಡಿಯಾಗಿ ಹುಟ್ಟಿನಿಂದಲೇ ಅಪರಾಧಿಗಳೆಂದಿತು.

ಥಗ್ಗನನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದವನಿಗೂ ನಮಗೂ ನಂಟಿದೆ. ಫಿಲಿಪ್ ಮೆಡೋಸ್ ಟೇಲರ್ ಹೈದರಾಬಾದ್ ನಿಜಾಮನ ಸೇವೆಯಲ್ಲಿದ್ದವನು. 1839ರಲ್ಲಿ ಅವನ ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಥಗ್’ ಬಂತು. ಅಮೀರ್ ಅಲಿ ಎಂಬ ಥಗ್ಗ ತನ್ನ ಕಥೆಯನ್ನು ತಾನೇ ಹೇಳುವ ಪುಸ್ತಕ; ರಾಣಿ ವಿಕ್ಟೋರಿಯಾ ಕೂಡ ಓದಿದಳು. ಎರಡು ವರ್ಷಗಳ ನಂತರ ಟೇಲರ್ ಸುರಪುರಕ್ಕೆ ಬಂದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ಬೆಟ್ಟದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಇದೆ. ಜನ ಅವನನ್ನು ಪ್ರೀತಿಸಿದರು. ಹುಡುಗ ರಾಜ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಅದೇ ವೆಂಕಟಪ್ಪ ನಾಯಕ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೋತು ಸೆರೆಯಾದ, ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. ಆ ಏಳುವಿಕೆಗೆ ಇಂಗ್ಲಿಷರು ಮ್ಯುಟಿನಿ ಎಂದು ಹೆಸರಿಟ್ಟರು. ನಾವು ಬಹಳ ಕಾಲ ಅದನ್ನೇ ಅನುವಾದಿಸಿ ಸಿಪಾಯಿ ದಂಗೆ ಎಂದು ಶಾಲೆಯಲ್ಲಿ ಓದಿದೆವು. ಸುರಪುರದ ರಾಜ ಸಿಪಾಯಿಯಾಗಿರಲಿಲ್ಲ.

ಆಳುವವರ ಕಡೆಯವರೇ ದಾಂಧಲೆ ಎಬ್ಬಿಸಿದಾಗ ಪದಗಳು ಏನಾಗುತ್ತವೆ? ಹ್ಯಾವಕ್ ಎಂಬುದು ಮಧ್ಯಯುಗದ ಯುದ್ಧದಲ್ಲಿ ಸೈನಿಕರು ಕೂಗುತ್ತಿದ್ದ ಕೂಗು: ಇನ್ನು ಸುಲಿಯಿರಿ ಎಂಬ ಸೂಚನೆ. ಅದರಿಂದ ಸೈನ್ಯವೇ ಕೈತಪ್ಪಿ ಹೋಗುತ್ತಿದ್ದುದರಿಂದ ಇಂಗ್ಲೆಂಡಿನ ರಾಜ ಎರಡನೆಯ ರಿಚರ್ಡ್ 1385ರ ತನ್ನ ಯುದ್ಧ ಕಟ್ಟಳೆಯಲ್ಲಿ ಅಪ್ಪಣೆಯಿಲ್ಲದೆ ಹಾಗೆ ಕೂಗಿದವನ ತಲೆ ಹಾರುತ್ತದೆ ಎಂದ. ಇಂದು ಮಳೆಗಾಳಿಯ ಹಾವಳಿಗೂ ಇಂಗ್ಲಿಷಿನಲ್ಲಿ ಹ್ಯಾವಕ್ ಎನ್ನುತ್ತಾರೆ. ಕೂಗಿದ ಸೈನಿಕ ಮರೆತುಹೋದ. ಲೂಟಿಯನ್ನಂತೂ ಇಂಗ್ಲಿಷರು ಹದಿನೆಂಟನೆಯ ಶತಮಾನದಲ್ಲಿ ಲೂಟ್ ಎಂದು ನಮ್ಮಿಂದಲೇ ಪಡೆದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿತ್ತು. ಆ ರಾತ್ರಿ ಸೈನಿಕರು ಊರನ್ನು ಮನೆಮನೆ ಹೊಕ್ಕು ದೋಚಿದರು. ಮರುದಿನ ಬಂದ ಸೇನಾಧಿಕಾರಿ ಅರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಚಾಟಿಯೇಟು ಹಾಕಿಸಿ ಅದನ್ನು ನಿಲ್ಲಿಸಿದ. ಆಮೇಲೆ ಟಿಪ್ಪುವಿನ ಖಜಾನೆಯನ್ನು ಎಣಿಸಿ, ದರ್ಜೆಯ ಪ್ರಕಾರ ಸೇನಾಪತಿಯಿಂದ ಸಿಪಾಯಿಯವರೆಗೆ ಹಂಚಲು ಸಮಿತಿ ಕೂತಿತು. ಆ ಸ್ವತ್ತಿನ ಹೆಸರು ಪ್ರೈಜ್, ಅಂದರೆ ಯುದ್ಧದಲ್ಲಿ ವಶಪಡಿಸಿಕೊಂಡದ್ದು. ಬ್ರಿಟಿಷ್ ಸೈನಿಕನ ಮೇಲೆ ಎರಗಿದ ಟಿಪ್ಪುವಿನ ಮರದ ಹುಲಿ ಲಂಡನ್ ಸೇರಿತು; ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡೂ ಸಲ ನಡೆದದ್ದು ಪರರ ಸ್ವತ್ತನ್ನು ಒಯ್ಯುವ ಕೆಲಸವೇ. ಒಂದಕ್ಕೆ ನೇಣು ಸಿಕ್ಕಿತು, ಇನ್ನೊಂದಕ್ಕೆ ಲೆಕ್ಕದ ಪುಸ್ತಕ ಸಿಕ್ಕಿತು.

ಲಂಡನ್ ತನ್ನದೇ ಬೀದಿಯ ಪುಂಡರಿಗೂ ಹೊರಗಿನ ಹೆಸರನ್ನೇ ಹುಡುಕಿತು. 1898ರ ಬೇಸಿಗೆಯ ರಜೆಯಲ್ಲಿ ಹುಡುಗರ ಗುಂಪುಗಳ ಹೊಡೆದಾಟದ ಸುದ್ದಿಗಳು ಪತ್ರಿಕೆಗಳಲ್ಲಿ ತುಂಬಿದವು. ಅವುಗಳ ಜೊತೆಗೆ ಹೂಲಿಗನ್ ಎಂಬ ಹೆಸರೂ ಬಂತು. ಅದು ಐರಿಷ್ ಮನೆತನದ ಹೆಸರಿನಂತಿತ್ತು. ಹುಡುಗರು ಲಂಡನ್ನಿನ ಬಡ ಕೇರಿಗಳಲ್ಲಿ ಹುಟ್ಟಿ ಬೆಳೆದವರು. ಜೆಫ್ರಿ ಪಿಯರ್ಸನ್ 1983ರಲ್ಲಿ ಈ ಕುರಿತು ಒಂದು ಒಳ್ಳೆಯ ಪುಸ್ತಕ ಬರೆದು, ಪ್ರತಿ ತಲೆಮಾರಿನ ಮರ್ಯಾದಸ್ಥರೂ ತಮ್ಮ ಕಾಲದ ಹುಡುಗರೇ ಮೊದಲ ಬಾರಿ ಕೆಟ್ಟರೆಂದು ಹೆದರಿದ್ದನ್ನು ದಾಖಲೆಗಳಿಂದ ತೋರಿಸಿದ. ಪದ ರಷ್ಯಾಕ್ಕೆ ಹೋಯಿತು. 1922ರ ಸೋವಿಯತ್ ದಂಡಸಂಹಿತೆಯಲ್ಲಿ ಹೂಲಿಗನ್‌ಗಿರಿ ಒಂದು ಅಪರಾಧವಾಯಿತು. ಯಾರ ಮೇಲೆ ಬೇಕಾದರೂ ಹೊರಿಸಬಹುದಾದಷ್ಟು ಸಡಿಲ ಅಪರಾಧ. 2012ರಲ್ಲಿ ಮಾಸ್ಕೋದ ಪ್ರಧಾನ ಚರ್ಚಿನಲ್ಲಿ ಪುಟಿನ್ ವಿರುದ್ಧ ಹಾಡಿದ ಪುಸ್ಸಿ ರಯಟ್ ತಂಡದ ಮೂವರು ಹೆಂಗಸರಿಗೆ ಎರಡು ವರ್ಷ ಶಿಕ್ಷೆ ವಿಧಿಸಿದ್ದು ಇದೇ ಹೂಲಿಗನ್‌ಗಿರಿಯ ಕಲಮಿನಡಿ.

ನಮ್ಮಲ್ಲಿ ಆ ಜಾಗದಲ್ಲಿ ಕೂತಿರುವುದು ರೌಡಿ. ಹತ್ತೊಂಬತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಅವನು ಕಾಡಂಚಿನ ಒರಟ. ಇಂಗ್ಲೆಂಡ್, ಅಮೆರಿಕಗಳಲ್ಲಿ ಅದು ಈಗ ಗಲಾಟೆ ಮಾಡುವ ಮಕ್ಕಳಿಗೂ ಸಲ್ಲುವ ಹಗುರ ಪದ. ಇಲ್ಲಿ ಅದು ಪೊಲೀಸ್ ಠಾಣೆಯ ಕಡತ. ರೌಡಿ ಶೀಟ್ ತೆರೆಯಲು ನ್ಯಾಯಾಲಯ ತಪ್ಪಿತಸ್ಥ ಎಂದು ಹೇಳಿರಬೇಕಿಲ್ಲ. ಚುನಾವಣೆಗೋ ಹಬ್ಬಕ್ಕೋ ಮುನ್ನ ಶೀಟರ್‌ಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ರೌಡಿ ಪೆರೇಡ್ ಮಾಡುತ್ತಾರೆ, ಫೋಟೋ ಮರುದಿನ ಪತ್ರಿಕೆಗೆ ಬರುತ್ತದೆ. ಊರನ್ನು ನಡುಗಿಸಿದವರೂ ಆ ಸಾಲಿನಲ್ಲಿರುತ್ತಾರೆ. ಹಳೆಯ ಮೊಕದ್ದಮೆಯಿಂದ ಖುಲಾಸೆಯಾಗಿ ಆಟೋ ಓಡಿಸುತ್ತ ಸಂಸಾರ ನಡೆಸುವವನೂ ಇರಬಹುದು. ಫೋಟೋದಲ್ಲಿ ಇಬ್ಬರೂ ಒಂದೇ. ಹೆಣ್ಣು ನೋಡಲು ಹೋದ ಮನೆಯಲ್ಲಿ, ಬಾಡಿಗೆ ಮನೆಯ ಮಾಲೀಕರ ಮುಂದೆ, ಮಗನ ಶಾಲೆಯಲ್ಲಿ ಆ ಫೋಟೋ ಎದುರಾಗುತ್ತದೆ. ಇದನ್ನು ಅಚ್ಚುಹಾಕುವ ಪತ್ರಿಕೋದ್ಯಮಕ್ಕೆ ಸೇರಿದ ನನಗೆ ಇದು ಸರಿಯೆಂದು ಎಂದೂ ಅನ್ನಿಸಿಲ್ಲ.

ಗೂಂಡಾ ಎಂಬುದು ಕಾಯ್ದೆಯ ಪುಸ್ತಕ ಹೊಕ್ಕದ್ದು ಬಂಗಾಳದ 1923ರ ಗೂಂಡಾ ಕಾಯ್ದೆಯಿಂದ. ಕರ್ನಾಟಕದ ಕಾಯ್ದೆ 1985ರದು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಸೆರೆಯಲ್ಲಿಡಲು ಅದು ಅವಕಾಶ ಕೊಡುತ್ತದೆ. ಅದರ ಉದ್ದನೆಯ ಅಧಿಕೃತ ಹೆಸರಿನಲ್ಲಿ ಗೂಂಡಾ ಒಂದು ವರ್ಗ ಮಾತ್ರ. ಕಳ್ಳಭಟ್ಟಿಯವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು ಅವನ ಅಕ್ಕಪಕ್ಕದಲ್ಲಿದ್ದಾರೆ. ತಿದ್ದುಪಡಿಗಳ ನಂತರ ಆ್ಯಸಿಡ್ ದಾಳಿಕೋರರು, ಭೂಗಳ್ಳರು, ಪರಿಸರ ಹಾಳುಮಾಡುವವರು, ಸಿನಿಮಾ ಮತ್ತು ಹಾಡುಗಳನ್ನು ಕದ್ದು ನಕಲು ಮಾಡುವವರೂ ಸೇರಿದ್ದಾರೆ. ಇವುಗಳಲ್ಲಿ ಕೆಲವು ಘೋರ ಅಪರಾಧಗಳು. ಶೀರ್ಷಿಕೆ ಮಾತ್ರ ಎಲ್ಲಕ್ಕೂ ಒಂದೇ. ಹೆಣ್ಣಿನ ಮುಖಕ್ಕೆ ಆ್ಯಸಿಡ್ ಎರಚಿದವನ ಸುದ್ದಿಯೂ ಹೊಸ ಸಿನಿಮಾದ ನಕಲು ಪ್ರತಿ ಹಂಚಿದ ಹುಡುಗನ ಸುದ್ದಿಯೂ ‘ಗೂಂಡಾ ಕಾಯ್ದೆಯಡಿ ಬಂಧನ’ ಎಂದೇ ಅಚ್ಚಾಗುತ್ತವೆ.